ಡಬ್ಬಿಯ ಮೇಲೆ ಹೆಸರಿದ್ದ ಊರು

ಬಸ್ಸು ಮಾಂಟೆವಿಡಿಯೊ ಬಿಟ್ಟು ಎರಡು ಗಂಟೆಯಾಗಿತ್ತು. ಕಿಟಕಿಯಾಚೆ ಹುಲ್ಲು, ತಂತಿ ಬೇಲಿ, ದನ. ಒಂದು ನಿದ್ದೆ ತೆಗೆದು ಎದ್ದರೂ ಅದೇ ಹುಲ್ಲು, ಅದೇ ಬೇಲಿ, ಅವೇ ದನ. ಬೆಟ್ಟವಿಲ್ಲ, ಬಂಡೆಯಿಲ್ಲ, ದಾರಿಯಲ್ಲಿ ಸಿಕ್ಕ ಊರುಗಳೂ ಕಡಿಮೆ. ಕೆಂಪು ಮೈ, ಬಿಳಿ ಮುಖದ ಹೆರೆಫರ್ಡ್ ತಳಿಯ ದನಗಳು ತಲೆ ತಗ್ಗಿಸಿ ಮೇಯುತ್ತಲೇ ಇದ್ದವು. ಕಾಯುವವರು ಯಾರೂ ಕಾಣಲಿಲ್ಲ. ಒಂದೇ ಒಂದು ಕಡೆ, ಕುದುರೆಯ ಮೇಲೆ ಕೂತ ಮುದುಕ, ಅವನ ಹಿಂದೆ ಎರಡು ನಾಯಿ.

ಉರುಗ್ವೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಫುಟ್‌ಬಾಲ್ ಮಾತ್ರ ನೆನಪಾಗುತ್ತದೆ. ಇಡೀ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ದನಗಳು ಒಂದು ಕೋಟಿಗೂ ಹೆಚ್ಚು. ಅಂದರೆ ತಲೆಗೆ ಮೂರು ದನ! 2006ರಿಂದ ಇಲ್ಲಿ ಹುಟ್ಟುವ ಪ್ರತಿ ಕರುವಿನ ಕಿವಿಗೂ ಎಲೆಕ್ಟ್ರಾನಿಕ್ ಓಲೆ ಹಾಕುವುದು ಕಡ್ಡಾಯ. ಯಾವ ಹುಲ್ಲುಗಾವಲಿನಲ್ಲಿ ಹುಟ್ಟಿತು, ಯಾರ ಕೈಗೆ ಹೋಯಿತು, ಎಲ್ಲವೂ ಸರ್ಕಾರದ ಕಂಪ್ಯೂಟರ್‌ನಲ್ಲಿದೆ. ನಮಗೆ ಆಧಾರ್ ಬಂದದ್ದು ಆಮೇಲೆ.

ಒಂದು ವರ್ಷದ ಮಟ್ಟಿಗೆ ಕಂಪನಿ ನನ್ನನ್ನು ಮಾಂಟೆವಿಡಿಯೊಗೆ ಕಳಿಸಿತ್ತು. ರಜೆ ಸಿಕ್ಕಾಗ ಸಹೋದ್ಯೋಗಿಗಳು ಬೀಚ್‌ಗೆ ಓಡುತ್ತಾರೆ. ‘ಫ್ರಾಯ್ ಬೆಂತೋಸ್‌ಗೆ ಹೋಗ್ತೀನಿ’ ಅಂದಾಗ ಪಕ್ಕದ ಸೀಟಿನ ಹುಡುಗಿ ನಕ್ಕಳು. ‘ಅಲ್ಲಿ ಮುಚ್ಚಿಹೋದ ಕಸಾಯಿಖಾನೆ ಬಿಟ್ಟು ಬೇರೇನಿದೆ? ಅದೂ ನೀನು ಮಾಂಸ ತಿನ್ನದವಳು!’

ಮುಚ್ಚಿಹೋದ ಕಾರ್ಖಾನೆ ಅನ್ನುವ ಮಾತೇ ನನ್ನನ್ನು ಎಳೆದಿತ್ತು. ನಾನು ದಾವಣಗೆರೆಯವಳು. ಅಪ್ಪಾಜಿ ಬಟ್ಟೆ ಗಿರಣಿಯೊಂದರಲ್ಲಿ ಬಾಯ್ಲರ್ ಹತ್ತಿರ ಕೆಲಸಕ್ಕಿದ್ದರು. ನಾನು ಹುಟ್ಟುವ ಮೊದಲೇ ಅದು ಬಾಗಿಲು ಹಾಕಿತ್ತು. ಆಮೇಲೆ ಅವರು ಮಂಡಕ್ಕಿ ಭಟ್ಟಿಯಲ್ಲಿ ದುಡಿದರು, ರಾತ್ರಿ ಕಲ್ಯಾಣ ಮಂಟಪದ ಕಾವಲಿಗೆ ಹೋದರು, ನನ್ನನ್ನು ಎಂಜಿನಿಯರಿಂಗ್ ಓದಿಸಿದರು. ಗಿರಣಿಯ ಸೈರನ್ ಹೇಗೆ ಕೂಗುತ್ತಿತ್ತು ಎಂದು ಅವರು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು. ನಾನು ಕೇಳಿರುವುದು ಅಷ್ಟೇ.

ಸಂಜೆ ಹೊತ್ತಿಗೆ ಊರು ಬಂತು. ರಾಜಧಾನಿಯಿಂದ ಸುಮಾರು 300 ಕಿಲೋಮೀಟರ್. ಇಪ್ಪತ್ತೈದು ಸಾವಿರದ ಆಸುಪಾಸು ಜನ. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರ ಅನ್ನಬಹುದು, ಆದರೆ ಇಲ್ಲಿ ಅದು ರಿಯೊ ನೆಗ್ರೊ ಎಂಬ ಇಡೀ ಜಿಲ್ಲೆಯ ಕೇಂದ್ರ! ಲಗೇಜ್ ಇಟ್ಟು ನೇರ ನದಿದಂಡೆಗೆ ಹೋದೆ. ಉರುಗ್ವೆ ನದಿ ಸಮುದ್ರದಷ್ಟು ಅಗಲ ಕಂಡಿತು. ಆಚೆ ದಡ ಅರ್ಜೆಂಟೀನಾ. ಸೂರ್ಯ ಮುಳುಗಿದ್ದು ಬೇರೆ ದೇಶದಲ್ಲಿ.

ದಂಡೆಯ ಉದ್ದಕ್ಕೂ ಜನ ಮಡಚುವ ಕುರ್ಚಿ ತಂದು ಕೂತಿದ್ದರು. ಎಲ್ಲರ ಕಂಕುಳಲ್ಲೂ ಬಿಸಿನೀರಿನ ಫ್ಲಾಸ್ಕ್, ಕೈಯಲ್ಲಿ ಬುರುಡೆಯಂಥ ಲೋಟ, ಅದಕ್ಕೊಂದು ಲೋಹದ ಕೊಳವೆ. ಈ ಎಲೆಕಷಾಯದ ಹೆಸರು ‘ಮಾತೆ’. ಮೊದಲ ಸಲ ಕೇಳಿದಾಗ ಕೈಮುಗಿಯಬೇಕೇನೋ ಅನ್ನಿಸಿತ್ತು. ಪಕ್ಕದಲ್ಲಿದ್ದ ಅಜ್ಜಿ ತಾನು ಕುಡಿದ ಲೋಟಕ್ಕೇ ಮತ್ತೆ ನೀರು ಹೊಯ್ದು ನನಗೆ ಚಾಚಿದಳು. ಎಂಜಲು ಅಂತ ಒಂದು ಕ್ಷಣ ಹಿಂಜರಿದೆ. ಆಮೇಲೆ ಕುಡಿದೆ. ಕಹಿ. ಬೇವಿನ ಕಷಾಯ ಕುಡಿದು ಬೆಳೆದವರಿಗೆ ತೊಂದರೆಯಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆ. ಸ್ಥಳೀಯರು ಅದನ್ನು ಈಗಲೂ ‘ಎಲ್ ಆಂಗ್ಲೊ’ ಅನ್ನುತ್ತಾರೆ. ಊರಿನ ಪಶ್ಚಿಮಕ್ಕೆ, ನದಿಗೆ ಚಾಚಿಕೊಂಡ ನೆಲದ ಮೇಲೆ ಇಟ್ಟಿಗೆಯ ಕಟ್ಟಡಗಳು, ಎತ್ತರದ ಚಿಮಣಿ, ಕಿಟಕಿಗಳೇ ಇಲ್ಲದ ದೈತ್ಯ ಶೈತ್ಯಾಗಾರ. 2015ರಲ್ಲಿ ಯುನೆಸ್ಕೊ ಇಡೀ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ ಇರುವ ಅದೇ ಪಟ್ಟಿ.

ಇದರ ಕಥೆ ಶುರುವಾಗುವುದು ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ. ರಸಾಯನ ಓದಿದವರಿಗೆ ಯುಸ್ಟಸ್ ಫಾನ್ ಲೀಬಿಗ್ ಹೆಸರು ಗೊತ್ತಿರುತ್ತದೆ. ಲ್ಯಾಬ್‌ನಲ್ಲಿ ಆವಿಯನ್ನು ತಣ್ಣಗಾಗಿಸುವ ಗಾಜಿನ ಕೊಳವೆಗೆ ಅವರದೇ ಹೆಸರು. ಮಾಂಸವನ್ನು ಕುದಿಸಿ, ಬತ್ತಿಸಿ, ಗಟ್ಟಿ ಸಾರ ಮಾಡುವ ವಿಧಾನವನ್ನು ಅವರು 1840ರ ದಶಕದಲ್ಲಿ ಪ್ರಕಟಿಸಿದ್ದರು. ಒಂದು ಕೆ.ಜಿ. ಸಾರಕ್ಕೆ ಸುಮಾರು 30 ಕೆ.ಜಿ. ಮಾಂಸ ಬೇಕು. ಯುರೋಪಿನಲ್ಲಿ ಮಾಂಸ ದುಬಾರಿ, ಹಾಗಾಗಿ ವಿಧಾನ ಕಾಗದದಲ್ಲೇ ಉಳಿಯಿತು. ಅದೇ ಹೊತ್ತಿಗೆ ಉರುಗ್ವೆಯ ಬಯಲಿನಲ್ಲಿ ದನಗಳನ್ನು ಚರ್ಮಕ್ಕಾಗಿ, ಕೊಬ್ಬಿಗಾಗಿ ಕಡಿದು ಮಾಂಸದ ಬಹುಪಾಲನ್ನು ಹಾಗೇ ಬಿಡುತ್ತಿದ್ದರು. ಫ್ರಿಜ್ ಇಲ್ಲದ ಕಾಲ, ಹಡಗಿನಲ್ಲಿ ಕಳಿಸುವ ದಾರಿಯಿರಲಿಲ್ಲ. ಗೇಯೊರ್ಗ್ ಗೀಬರ್ಟ್ ಎಂಬ ಜರ್ಮನ್ ಎಂಜಿನಿಯರ್ ಇವೆರಡನ್ನೂ ಕೂಡಿಸಿದ. ಮ್ಯೂನಿಕ್‌ಗೆ ಹೋಗಿ ಲೀಬಿಗ್‌ರ ಬಳಿ ವಿಧಾನ ಕಲಿತು ಬಂದ. 1865ರಲ್ಲಿ ಲಂಡನ್‌ನಲ್ಲಿ ಲೀಬಿಗ್ ಹೆಸರಿನ ಕಂಪನಿ ಹುಟ್ಟಿತು. ಆ ಸಾರದಲ್ಲಿ ಪೌಷ್ಟಿಕಾಂಶ ಅಷ್ಟಕ್ಕಷ್ಟೇ, ರುಚಿಯೇ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಯುರೋಪಿನ ಅಡುಗೆಮನೆಗಳಿಗೆ ಅದು ಅಭ್ಯಾಸವಾಗಿತ್ತು.

1873ರಲ್ಲಿ ಬಂತು ಡಬ್ಬಿಯ ಕಾರ್ನ್ಡ್ ಬೀಫ್, ಅಂದರೆ ಉಪ್ಪಿನಲ್ಲಿ ಹದ ಮಾಡಿದ ದನದ ಮಾಂಸ. ಡಬ್ಬಿಯ ಮೇಲೆ ಊರಿನ ಹೆಸರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಸೈನಿಕರು ಇದನ್ನು ತಿಂದು ಎಷ್ಟು ಒಗ್ಗಿಹೋಗಿದ್ದರೆಂದರೆ 1917ರಲ್ಲಿ ಒಂದು ಟ್ಯಾಂಕಿಗೇ ‘ಫ್ರಾಯ್ ಬೆಂತೋಸ್’ ಎಂದು ಹೆಸರಿಟ್ಟರು. ಆ ಟ್ಯಾಂಕ್ ಬೆಲ್ಜಿಯಂನ ಕೆಸರಿನಲ್ಲಿ ಹೂತು, ಒಳಗಿದ್ದ ಒಂಬತ್ತು ಜನ ಎರಡು ದಿನಕ್ಕೂ ಹೆಚ್ಚು ಗುಂಡಿನ ಮಳೆಯ ನಡುವೆ ಸಿಕ್ಕಿಕೊಂಡರು. ಡಬ್ಬಿಯೊಳಗಿನ ಮಾಂಸದ ಹಾಗೆ!

1924ರಲ್ಲಿ ಕಾರ್ಖಾನೆಯನ್ನು ಬ್ರಿಟನ್ನಿನ ವೆಸ್ಟಿ ಕುಟುಂಬದ ಉದ್ಯಮ ಕೊಂಡಿತು. ‘ಆಂಗ್ಲೊ’ ಹೆಸರು ಬಂದದ್ದು ಆಗ. ದೈತ್ಯ ಶೈತ್ಯಾಗಾರ, ಹೆಪ್ಪುಗಟ್ಟಿಸಿದ ಮಾಂಸದ ಹಡಗುಗಳು. 55ಕ್ಕೂ ಹೆಚ್ಚು ದೇಶಗಳಿಂದ ಬಂದವರು ಇಲ್ಲಿ ದುಡಿದಿದ್ದಾರೆ. ಎರಡನೇ ಮಹಾಯುದ್ಧದ ನಡುವೆ, 1943ರ ಒಂದೇ ವರ್ಷದಲ್ಲಿ, 1.6 ಕೋಟಿ ಡಬ್ಬಿಗಳು ಯುರೋಪಿಗೆ ಹೋದವು. ‘ಜಗತ್ತಿನ ಅಡುಗೆಮನೆ’ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ.

ಕಾರ್ಖಾನೆಯೊಳಗೆ ಈಗ ಕೈಗಾರಿಕಾ ಕ್ರಾಂತಿಯ ಮ್ಯೂಸಿಯಂ ಇದೆ. ಗೈಡ್ ಹೆಂಗಸು ನನ್ನ ಹರಕು ಸ್ಪ್ಯಾನಿಷ್ ಕೇಳಿ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳುತ್ತಾ ಹೋದಳು. ಮೊದಲು ಆಫೀಸಿನ ಹಾಲ್. ಸಾಲು ಸಾಲು ಮರದ ಮೇಜು, ಟೈಪ್‌ರೈಟರ್, ದಪ್ಪ ಲೆಕ್ಕದ ಪುಸ್ತಕ. ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದಾರೇನೋ ಅನ್ನುವಂತಿತ್ತು. ಇನ್ನೊಂದು ಕಡೆ ಡಬ್ಬಿಗಳು, ನಾನಾ ಭಾಷೆಯ ಲೇಬಲ್‌ಗಳು. ಆಮೇಲೆ ಯಂತ್ರಗಳ ಕೋಣೆ, ಗೋಡೆಯಷ್ಟು ದೊಡ್ಡ ಸ್ವಿಚ್ ಫಲಕ, ಅದರ ತುಂಬ ದುಂಡನೆಯ ಮೀಟರ್‌ಗಳು. ಉರುಗ್ವೆಯ ಮೊದಲ ವಿದ್ಯುದ್ದೀಪ ಹತ್ತಿದ್ದು ರಾಜಧಾನಿಯಲ್ಲಲ್ಲ, 1883ರಲ್ಲಿ ಈ ಕಾರ್ಖಾನೆಯಲ್ಲಿ ಎಂದಳು. ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ಬಂದದ್ದು ಅದರ ನಂತರ. ಲಾಭ ಇರುವ ಕಡೆಗೇ ದೀಪ ಮೊದಲು ಹೋಗುತ್ತದೆ.

ಕಡಿಯುವ ಅಂಗಳಕ್ಕೆ ಬಂದಾಗ ನನ್ನ ಕಾಲು ನಿಂತಿತು. ದನಗಳು ನಡೆದು ಬರುತ್ತಿದ್ದ ಇಳಿಜಾರಿನ ದಾರಿ, ಮೇಲೆ ಕಂಬಿಗಳು, ಕೊಕ್ಕೆಗಳು. ಮನೆಯಲ್ಲಿ ಅಜ್ಜಿ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದುದು ನೆನಪಾಯಿತು. ವಾಸನೆ ಏನೂ ಉಳಿದಿಲ್ಲ, ಆದರೂ ಮೂಗು ಮುಚ್ಚಿಕೊಳ್ಳಬೇಕೆನಿಸಿತು. ಮಾಂಸ ಡಬ್ಬಿಗೆ, ಚರ್ಮ ಹದಕ್ಕೆ, ಕೊಬ್ಬು ಸಾಬೂನಿಗೆ, ಮೂಳೆ ಗೊಬ್ಬರಕ್ಕೆ. ‘ಅಂಬಾ’ ಅನ್ನುವ ಕೂಗೊಂದನ್ನು ಬಿಟ್ಟು ಇಲ್ಲಿ ಏನೂ ವ್ಯರ್ಥವಾಗುತ್ತಿರಲಿಲ್ಲ ಎಂಬ ಹಳೆಯ ಮಾತನ್ನು ಗೈಡ್ ಹೇಳಿದಳು. ಅದು ತಮಾಷೆಯೋ, ವಿಷಾದವೋ ಅವಳ ಮುಖದಿಂದ ತಿಳಿಯಲಿಲ್ಲ. ‘ನೀನು ತಿನ್ನುವುದಿಲ್ಲ ಅಲ್ಲವಾ?’ ಎಂದಳು. ಹೂಂ ಅಂದೆ. ‘ನಮ್ಮ ಮನೆಯಲ್ಲಿ ಮೂರು ತಲೆಮಾರು ತಿಂದದ್ದು ಇದರಿಂದಲೇ’ ಎಂದಳು. ಅವಳ ಅಜ್ಜ, ಅಪ್ಪ ಇಬ್ಬರೂ ಇಲ್ಲೇ ಇದ್ದವರು.

ಯುದ್ಧ ಮುಗಿದ ಮೇಲೆ ಬೇಡಿಕೆ ಇಳಿಯಿತು. ಯುರೋಪು ತನ್ನ ಮಾಂಸ ತಾನೇ ಬೆಳೆಯತೊಡಗಿತು, ಯಂತ್ರಗಳು ಹಳೆಯವಾದವು, ಬ್ರಿಟಿಷರು ಕೈಬಿಟ್ಟರು, ಸರ್ಕಾರ ಕೆಲವು ವರ್ಷ ನಡೆಸಿ ನೋಡಿತು. 1979ರಲ್ಲಿ ಬಾಗಿಲು. ಹೆಸರು ಮಾತ್ರ ಮಾರಾಟವಾಗುತ್ತಾ ಬದುಕಿದೆ. ಬ್ರಿಟನ್ನಿನ ಅಂಗಡಿಗಳಲ್ಲಿ ‘ಫ್ರಾಯ್ ಬೆಂತೋಸ್’ ಎಂದು ಸಿಗುವ ಡಬ್ಬಿ ಪೈ ಈಗ ತಯಾರಾಗುವುದು ಸ್ಕಾಟ್ಲೆಂಡಿನಲ್ಲಿ.

‘ನಿಮ್ಮ ಅಪ್ಪ ಆಮೇಲೆ ಏನು ಮಾಡಿದರು?’ ನಾನು ಫೋನಿನಲ್ಲಿ ಅನುವಾದಿಸಿ ತೋರಿಸಿದೆ. ಗೈಡ್ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬ್ಯೂನಸ್ ಐರಿಸ್‌ಗೆ ಹೋದರು. ಕ್ರಿಸ್‌ಮಸ್‌ಗೆ ಬರುತ್ತಿದ್ದರು.’ ಅಷ್ಟೇ ಹೇಳಿ ಮುಂದಿನ ಕೋಣೆಯ ಬೀಗ ತೆಗೆದಳು.

ಊರಿಗೆ ಎರಡನೇ ಕಾರ್ಖಾನೆ ಬಂದದ್ದು 2007ರಲ್ಲಿ. ಫಿನ್ಲೆಂಡಿನ ಕಂಪನಿಯ ಕಾಗದದ ತಿರುಳಿನ ಗಿರಣಿ. ದನ ಮೇಯುತ್ತಿದ್ದ ಎಷ್ಟೋ ಬಯಲು ನೀಲಗಿರಿ ತೋಪಾಗಿದೆ. ಬರುವಾಗ ಬಸ್ಸಿನಿಂದಲೇ ಕಂಡಿತ್ತು. ತುಂಗಭದ್ರೆಯ ಪಕ್ಕದಲ್ಲಿ ಬೆಳೆದವರಿಗೆ ನೀಲಗಿರಿ, ತಿರುಳಿನ ಗಿರಣಿ, ನದಿ, ಜಗಳ ಈ ನಾಲ್ಕೂ ಒಟ್ಟಿಗೇ ಬರುತ್ತವೆ ಎಂದು ಹೇಳಿಕೊಡಬೇಕಿಲ್ಲ. ಇಲ್ಲೂ ಬಂತು. ನದಿ ಹಾಳಾಗುತ್ತದೆ ಎಂದು ಆಚೆ ದಡದ ಗ್ವಾಲೆಗ್ವಾಯ್ಚು ಊರಿನವರು ಎರಡು ದೇಶಗಳ ನಡುವಿನ ಸೇತುವೆಗೆ ಹೋಗುವ ರಸ್ತೆಯನ್ನೇ ವರ್ಷಗಟ್ಟಲೆ ತಡೆದರು. ಅರ್ಜೆಂಟೀನಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2010ರ ಏಪ್ರಿಲ್‌ನಲ್ಲಿ ತೀರ್ಪು: ಉರುಗ್ವೆ ಮೊದಲೇ ತಿಳಿಸಿ ಮಾತಾಡಬೇಕಿತ್ತು, ಅದು ತಪ್ಪು, ಆದರೆ ನದಿ ಕೆಡಿಸಿದೆ ಎಂಬುದು ಸಾಬೀತಾಗಿಲ್ಲ, ಗಿರಣಿ ನಡೆಯಬಹುದು. ಅದನ್ನು ಕಟ್ಟುವಾಗ ಸಾವಿರಾರು ಜನರಿಗೆ ಕೆಲಸವಿತ್ತು. ನಡೆಸಲು ಕೆಲವು ನೂರು ಜನ ಸಾಕು. ರಾಷ್ಟ್ರೀಯ ತಾಂತ್ರಿಕ ವಿಶ್ವವಿದ್ಯಾಲಯದ ಒಂದು ಪ್ರಾದೇಶಿಕ ಕೇಂದ್ರವೂ ಈ ಊರಿನಲ್ಲಿದೆ. ರಾಜಧಾನಿಗೆ ಹೋಗಲಾಗದ ಮಕ್ಕಳು ಇಲ್ಲೇ ಎಂಜಿನಿಯರಿಂಗ್ ಓದಲಿ ಎಂದು. ಓದಿ ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ? ಚಹಾದಂಗಡಿಯಂಥ ಒಂದು ಕೆಫೆಯಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. ‘ಮಾಂಟೆವಿಡಿಯೊ’ ಎಂದು ನಕ್ಕ. ‘ನೀವು?’ ಎಂದ. ನಾನು ದಾವಣಗೆರೆಯಿಂದ ಬೆಂಗಳೂರು, ಬೆಂಗಳೂರಿನಿಂದ ಮಾಂಟೆವಿಡಿಯೊ ಎಂದು ಕರವಸ್ತ್ರದ ಕಾಗದದ ಮೇಲೆ ಬರೆದು ತೋರಿಸಿದೆ.

ಸಾಹಿತ್ಯ ಓದುವವರಿಗೆ ಒಂದು ಮಾತು. ಬೋರ್ಹೆಸ್‌ನ ಪ್ರಸಿದ್ಧ ಕಥೆಯ ಫುನೆಸ್, ಕುದುರೆಯಿಂದ ಬಿದ್ದ ಮೇಲೆ ಏನನ್ನೂ ಮರೆಯಲಾಗದ ಹುಡುಗ, ಇದೇ ಊರಿನವನು. ಬಯಲುಸೀಮೆಯ ಈ ಸದ್ದಿಲ್ಲದ ಬೀದಿಗಳಲ್ಲಿ ನಡೆದಾಗ ಕಥೆಗಾರ ಅವನನ್ನು ಇಲ್ಲೇ ಏಕೆ ಇಟ್ಟ ಎಂದು ಸ್ವಲ್ಪ ಹೊಳೆದಂತಾಯಿತು.

ಮಧ್ಯಾಹ್ನ ಎರಡಕ್ಕೆ ವಾಪಸ್ ಬಸ್ಸು. ಅದಕ್ಕೂ ಮೊದಲು ನದಿದಂಡೆಯಲ್ಲಿ ಕೂತು ಅಪ್ಪಾಜಿಗೆ ಫೋಟೊಗಳನ್ನು ಕಳಿಸಿ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಕೂತಿದ್ದರು. ದನ, ಮಾಂಸದ ವಿಷಯಕ್ಕೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಹೆದರಿದ್ದೆ. ಅವರು ಅದನ್ನು ಕೇಳಲೇ ಇಲ್ಲ.

‘ಮುಚ್ಚಿದ್ ಮ್ಯಾಲೆ ಜನಕ್ಕೆ ಪಿಎಫ್, ಗ್ರಾಚ್ಯುಟಿ ಎಲ್ಲಾ ಕೊಟ್ರಂತಾ?’

ಗೊತ್ತಿಲ್ಲ, ಕೇಳಲಿಲ್ಲ ಅಂದೆ.

‘ಅದ್ನೇ ಕೇಳ್ಬೇಕಲ್ಲಮ್ಮಾ ಮೊದ್ಲು.’

ಆಮೇಲೆ ಸುಮ್ಮನಾದರು. ಫೋಟೊಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆಂದು ತಿಳಿಯಿತು. ಅವರ ಗಿರಣಿ ಇದ್ದ ಜಾಗದಲ್ಲಿ ಈಗ ಸೈಟುಗಳಾಗಿವೆ. ಒಂದು ಬೋಲ್ಟನ್ನೂ ಯಾರೂ ಇಟ್ಟುಕೊಂಡಿಲ್ಲ.

‘ಇದೊಂದು ಮೀಟರ್ ನಮ್ಮ ಬಾಯ್ಲರ್‌ದು ಇದ್ದಂಗೇ ಐತೆ ನೋಡು’ ಎಂದರು. ‘ಎಡಗಡೆಯಿಂದ ಮೂರ್ನೇದು. ಇದ್ರ ಹಿಂದ್ಗಡೆ ಪೈಪು ಹೆಂಗ್ ಕೂಡ್ಸ್ಯಾರೆ? ಹಿಂದಿನ ಫೋಟೊ ತೆಗ್ದಿಲ್ವಾ?’

ತೆಗೆದಿರಲಿಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬ್ಯಾಗ್ ಹೆಗಲಿಗೇರಿಸಿ, ಮತ್ತೆ ಕಾರ್ಖಾನೆಯ ಕಡೆ ಓಡುನಡಿಗೆಯಲ್ಲಿ ಹೊರಟೆ.