ರೋವರ್ಸ್ ಕಪ್ ಬೆಂಗಳೂರಿಗೆ ಹೋದ ವರ್ಷ

ಚರ್ಚ್‌ಗೇಟಿನಲ್ಲಿ ಗಾಡಿ ಇಳಿದು, ಓವಲ್ ಮೈದಾನದ ಪಕ್ಕದಲ್ಲಿ ಕಚೇರಿಗೆ ನಡೆಯುವ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ. ಅಲ್ಲಿಗೆ ಸಮೀಪದಲ್ಲೇ ಇರುವ ಕೂಪರೇಜ್ ಮೈದಾನ ರೋವರ್ಸ್ ಕಪ್ ಪಂದ್ಯಗಳಿಗೆ ಹೆಸರಾದದ್ದು. ಆ ಕಪ್ಪಿನ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಹಿರಿಯ ಪಾಲುಂಟೆಂಬುದನ್ನು ಬಲ್ಲವರು ವಿರಳ.

ಈ ಫುಟ್ಬಾಲ್ ಪಂದ್ಯಾವಳಿ ಮುಂಬಯಿಯಲ್ಲಿ ಮೊದಲಾದದ್ದು 1891ರಲ್ಲಿ. ಆ ವರ್ಷ ಗೆದ್ದದ್ದು ವೂಸ್ಟರ್‌ಶೈರ್ ರೆಜಿಮೆಂಟು. ಅಂದಿನಿಂದ 1936ರವರೆಗೂ ಯಾವ ಭಾರತೀಯ ತಂಡಕ್ಕೂ ಆ ಕಪ್ ದಕ್ಕಲಿಲ್ಲ. 1911ರಲ್ಲಿ ಐ.ಎಫ್.ಎ. ಶೀಲ್ಡ್ ಗೆದ್ದು ದೇಶವನ್ನೇ ಹಿಗ್ಗಿಸಿದ ಮೋಹನ್ ಬಾಗಾನ್ ಕೂಡ 1923ರ ಫೈನಲಿನಲ್ಲಿ ಡರ್ಹಾಮ್ ಪಡೆಗೆ ಸೋತು ಕಲಕತ್ತೆಗೆ ಮರಳಿತು.

ಕೊನೆಗೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಆ ಕಟ್ಟು ಮುರಿಯಿತು. ಫೈನಲಿನಲ್ಲಿ ಎದುರು ನಿಂತದ್ದು 1934ರಿಂದ ವರ್ಷವರ್ಷವೂ ಕಲಕತ್ತೆಯ ಲೀಗ್ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರಿನವರು ಒಂದೇ ಗೋಲಿನಿಂದ ಗೆದ್ದರು. ಫೈನಲಿಗೆ ಗೋರಾ ಪಡೆ ಬಂದಿದ್ದರೆ ಆಗ ನೋಡಬೇಕಿತ್ತು ಎಂದು ಯಾರಾದರೂ ಮೂಗು ಮುರಿದರೆ, ಅದಕ್ಕೆ ಉತ್ತರ ಮರುವರ್ಷದ ಫೈನಲಿನಲ್ಲಿದೆ. 1938ರಲ್ಲಿ ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಸೈನಿಕರನ್ನು 3–2ರಿಂದ ಸೋಲಿಸಿ ಬೆಂಗಳೂರು ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನನ್ನು ಮಣಿಸಿ ಮೂರನೆಯ ಬಾರಿ ಗೆದ್ದಿತು.

ಇಲ್ಲಿ ಕೆಲವರು ಕೇಳಬಹುದು: ಬೆಂಗಳೂರಿನ ಫುಟ್ಬಾಲ್ ಬೆಳೆದದ್ದು ದಂಡಿನಲ್ಲಿ, ಅಲ್ಲಿ ಕನ್ನಡಕ್ಕಿಂತ ಉರ್ದು, ತಮಿಳುಗಳೇ ಹೆಚ್ಚು, ಆ ಗೆಲವು ನಮ್ಮದು ಹೇಗಾದೀತು? ಪ್ರಶ್ನೆ ಸಹಜವೇ. ಆದರೆ ಮುಂಬಯಿಯಲ್ಲಿರುವ ನಾವು ಅದನ್ನು ಕೇಳುವ ಮುನ್ನ ಸ್ವಲ್ಪ ಯೋಚಿಸಬೇಕು. ಮನೆಯಲ್ಲಿ ಕನ್ನಡವಾಡುತ್ತ, ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಬಾಳುತ್ತ, ನಾವೂ ಈ ಊರಿನವರೇ ಎಂದು ಹೇಳಿಕೊಳ್ಳುತ್ತೇವೆ. ದುಡಿದ ನೆಲ ನಮ್ಮನ್ನು ತನ್ನವರೆನ್ನಲಿ ಎಂದು ಬಯಸುತ್ತೇವೆ. ಆ ನ್ಯಾಯ ನಮಗೆ ಸಲ್ಲುವುದಾದರೆ, ಬೆಂಗಳೂರಿನ ಹೆಸರನ್ನು ಹೊತ್ತು ಇಲ್ಲಿಗೆ ಬಂದು ಆಡಿದ ಆ ಹುಡುಗರಿಗೆ ಸಲ್ಲದೆ?

ರೋವರ್ಸ್ ಪಂದ್ಯಾವಳಿ 2000–01ರ ನಂತರ ನಿಂತುಹೋಯಿತು. ಸಂಘದ ಸಭೆಗಳಲ್ಲಿ ಕವಿಗಳನ್ನೂ ನಾಟಕಕಾರರನ್ನೂ ನೆನೆಯುವಂತೆ ಈ ಆಟಗಾರರನ್ನೂ ಒಮ್ಮೆ ನೆನೆಯೋಣ. ನಮ್ಮ ಮಕ್ಕಳಿಗೆ ಚೆಂಡಿನ ಕಥೆ ಬಲು ಬೇಗ ಹಿಡಿಸುತ್ತದೆ; ಅದರ ಜೊತೆಗೆ ನಾಡಿನ ಕಥೆಯೂ ಒಂದಿಷ್ಟು ಕಿವಿಗೆ ಬಿದ್ದೀತು.