ಚಳಿಗಾಲದ ಇರುಳು ಮತ್ತು ಸೈಕಲ್ಲಿನ ದೀಪ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಸುಗ್ಗಿಯೂ ಚಳಿಯೂ ಜೊತೆಯಾಗಿ ಬರುತ್ತವೆ. ಹೊಲದಿಂದ ಮನೆಗೆ, ಪೇಟೆಯಿಂದ ಹಳ್ಳಿಗೆ, ಶಾಲೆಯ ವಿಶೇಷ ತರಗತಿಯಿಂದ ಊರಿಗೆ ಸೈಕಲ್ಲಿನಲ್ಲಿ ಮರಳುವವರು ಕತ್ತಲೆಯಲ್ಲಿ ಸಾಗಬೇಕಾಗುವುದು ಈ ತಿಂಗಳುಗಳಲ್ಲಿಯೇ. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿದ ಮೇಲೆ ಇಂತಹ ದಾರಿಗಳಲ್ಲಿ ವಿದ್ಯಾರ್ಥಿಗಳ ಸೈಕಲ್ಲುಗಳು ಹೆಚ್ಚಿದವು. ಇರುಳಿನ ಸವಾರನ ಜೀವವು ಬಹುಮಟ್ಟಿಗೆ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಹಿಂದಿನಿಂದ ಬರುವ ವಾಹನದವನಿಗೆ ಆತನು ಎಷ್ಟು ದೂರದಿಂದ ಕಾಣುತ್ತಾನೆ?

ಬೇಗನೆ ಕವಿಯುವ ಕತ್ತಲೆ

ವರ್ಷದ ಅತ್ಯಂತ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬರುವುದೆಂದು ನಾವೆಲ್ಲರೂ ಬಲ್ಲೆವು. ಆದರೆ ಈ ಸೀಮೆಯಲ್ಲಿ ಸೂರ್ಯನು ಅತಿ ಬೇಗನೆ ಮುಳುಗುವುದು ಅಂದಲ್ಲ; ನವೆಂಬರಿನ ನಡುವಿನಲ್ಲಿ, ಆರು ಗಂಟೆಗೆ ಕೊಂಚ ಮುಂಚೆ. ಭೂಮಿಯ ಅಕ್ಷವು ಓರೆಯಾಗಿರುವುದರಿಂದಲೂ ಅದರ ಕಕ್ಷೆಯು ದೀರ್ಘವೃತ್ತವಾಗಿರುವುದರಿಂದಲೂ ಸೂರ್ಯನು ನೆತ್ತಿಗೇರುವ ವೇಳೆಯು ದಿನದಿನಕ್ಕೆ ಸರಿಯುತ್ತದೆ. ಜೂನಿನಲ್ಲಿ ಏಳರ ಸುಮಾರಿಗೆ ಆಗುವ ಸೂರ್ಯಾಸ್ತಕ್ಕೆ ಒಗ್ಗಿದವನು ಸುಗ್ಗಿಯಲ್ಲಿ ಮೋಸಹೋಗುತ್ತಾನೆ. ಉಷ್ಣವಲಯದಲ್ಲಿ ಸೂರ್ಯನು ದಿಗಂತಕ್ಕೆ ಹೆಚ್ಚು ಕಡಿಮೆ ನೇರವಾಗಿ ಇಳಿಯುವುದರಿಂದ ಮುಸ್ಸಂಜೆಯ ಬೆಳಕೂ ಬೇಗನೆ ಅಡಗುತ್ತದೆ.

ಕಣ್ಣಿನ ಎರಡು ಬಗೆ

ನಮ್ಮ ಅಕ್ಷಿಪಟದಲ್ಲಿ ಶಂಕುಕೋಶಗಳೆಂದೂ ದಂಡಕೋಶಗಳೆಂದೂ ಎರಡು ಬಗೆಯ ಬೆಳಕಿನ ಕೋಶಗಳಿವೆ. ಶಂಕುಗಳು ಹಗಲಿನ ಬಣ್ಣಗಳನ್ನು ಕಾಣಿಸುತ್ತವೆ; ದಂಡಗಳು ಮಬ್ಬು ಬೆಳಕಿನಲ್ಲಿ ದುಡಿಯುತ್ತವೆ. ದಂಡಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಬೆಳಕಿಗೆ ಕರಗಿ, ಕತ್ತಲೆಯಲ್ಲಿ ಮೆಲ್ಲನೆ ಮರಳಿ ಕೂಡಿಕೊಳ್ಳುತ್ತದೆ. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು; ಎದುರಿನ ಲಾರಿಯ ಪ್ರಖರ ದೀಪವು ಆ ಗಳಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಆದುದರಿಂದ ಆ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿಯಿಟ್ಟು ವೇಗವನ್ನು ತಗ್ಗಿಸುವುದು ಜಾಣತನ. ರೊಡಾಪ್ಸಿನ್ ತಯಾರಾಗಲು ಎ ಜೀವಸತ್ವವು ಬೇಕು. ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿಗಳು ಅದಕ್ಕೆ ಒಳ್ಳೆಯ ಆಧಾರಗಳು. ಅದರ ಕೊರತೆಯಿಂದ ಇರುಳುಗಣ್ಣು ಬರುತ್ತದೆ.

ಕಾಣುವ ದೂರ, ನಿಲ್ಲುವ ದೂರ

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ಕಂಡು, ಅರಿತು, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರೊಳಗೆ 25 ಮೀಟರ್ ಕಳೆದಿರುತ್ತದೆ. ಒಳ್ಳೆಯ ರಸ್ತೆಯಲ್ಲಿಯೂ ನಿಲ್ಲಲು ಮತ್ತೆ 20 ಮೀಟರ್ ಬೇಕು. ಬಗ್ಗಿಸಿದ ದೀಪದಲ್ಲಿ ಕರಿ ಕಂಬಳಿ ಹೊದ್ದ ಸವಾರನು 45 ಮೀಟರಿನಿಂದ ಕಾಣುವುದು ಕಷ್ಟ. ಕಪ್ಪು ಬಟ್ಟೆಯು ಬೆಳಕನ್ನು ನುಂಗಿಬಿಡುತ್ತದೆ. ಬಿಳಿಯ ಬಟ್ಟೆಯು ಮೇಲು. ಆದರೆ ಅದೂ ಬೆಳಕನ್ನು ಎಲ್ಲ ದಿಕ್ಕಿಗೆ ಚೆಲ್ಲುವುದರಿಂದ ಚಾಲಕನ ಕಣ್ಣಿಗೆ ಮರಳುವ ಪಾಲು ಕಡಿಮೆ.

ಬೆಳಕನ್ನು ಹಿಂದಿರುಗಿಸುವ ಬಿಲ್ಲೆ

ಇರುಳಿನಲ್ಲಿ ಎತ್ತಿನ ಗಾಡಿಯು ಎದುರಾದಾಗ ಮೊದಲು ಹೊಳೆಯುವುವು ಎತ್ತಿನ ಕಣ್ಣುಗಳು. ಅವುಗಳ ಅಕ್ಷಿಪಟದ ಹಿಂದೆ ಕನ್ನಡಿಯಂತಹ ಪದರವೊಂದಿದ್ದು, ಒಳಹೊಕ್ಕ ಬೆಳಕನ್ನು ಬಂದ ದಾರಿಯಲ್ಲಿಯೇ ಕಳಿಸುತ್ತದೆ. ಆದರೆ ನಮ್ಮ ಮುಂದೆ ಸಾಗುವ ಗಾಡಿಯು ಬೆನ್ನು ತೋರಿಸುತ್ತದೆ, ಅಲ್ಲಿ ಕಣ್ಣುಗಳಿಲ್ಲ. ಆ ಕೊರತೆಯನ್ನು ತುಂಬುವುದೇ ಸೈಕಲ್ಲಿನ ಕೆಂಪು ರಿಫ್ಲೆಕ್ಟರ್. ಅದರ ಒಳಮೈಯಲ್ಲಿ ಕೋಣೆಯ ಮೂಲೆಯಂತೆ ಮೂರು ಮುಖಗಳು ಲಂಬವಾಗಿ ಕೂಡಿದ ನೂರಾರು ಪುಟ್ಟ ಮೂಲೆಗಳಿವೆ. ಮೂರು ಮುಖಗಳಿಗೂ ತಾಗಿದ ಕಿರಣವು ತಾನು ಬಂದ ದಿಕ್ಕಿಗೇ ತಿರುಗುತ್ತದೆ. ಸಾದಾ ಕನ್ನಡಿಗೆ ಈ ಗುಣವಿಲ್ಲ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇರಿಸಿದ ಪ್ರತಿಫಲಕವೂ, 2023ರಲ್ಲಿ ನಮ್ಮ ಚಂದ್ರಯಾನ-3ರ ವಿಕ್ರಮ್ ಹೊತ್ತೊಯ್ದ ಪುಟ್ಟ ಪ್ರತಿಫಲಕವೂ ಇದೇ ತತ್ವದವು. ಹಿಂದಿನ ಮಡ್ಗಾರ್ಡಿನ ಬಿಲ್ಲೆಯು ಚಂದ್ರನವರೆಗೆ ಹೋದ ವಿಜ್ಞಾನದ ಬಡ ನೆಂಟ!

ಪೆಡಲಿಗೆ ಅಂಟಿಸಿದ ಪ್ರತಿಫಲಕವು ಇನ್ನೂ ಉಪಯುಕ್ತ. ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡೊಡನೆ ಇದು ಸೈಕಲ್ಲೆಂದು ಮನಸ್ಸು ಗುರುತಿಸುತ್ತದೆ.

ಸ್ವಂತ ದೀಪವೂ ಬೇಕು

ಆದರೆ ಪ್ರತಿಫಲಕವು ಪರರ ಬೆಳಕಿನಿಂದ ಬದುಕುವಂಥದು. ದೀಪವಿಲ್ಲದ ಟ್ರ್ಯಾಕ್ಟರಿನ ಮುಂದೆ ಅದು ಕುರುಡು. 1831ರಲ್ಲಿ ಮೈಕೆಲ್ ಫ್ಯಾರಡೆಯು ಕಂಡುಹಿಡಿದ ತತ್ವದಂತೆ, ಚಕ್ರಕ್ಕೆ ಉಜ್ಜುವ ಡೈನಮೊ ತನ್ನ ಕಾಂತವನ್ನು ತಂತಿಯ ಸುರುಳಿಯೊಳಗೆ ತಿರುಗಿಸಿ ಸುಮಾರು 3 ವಾಟಿನ ವಿದ್ಯುತ್ತನ್ನು ಕೊಡುತ್ತದೆ. ಆದರೆ ಸೈಕಲ್ ನಿಂತರೆ ಸಾದಾ ಡೈನಮೊದ ದೀಪವೂ ಆರುತ್ತದೆ. ಬ್ಯಾಟರಿಯ ಎಲ್‌ಇಡಿ ದೀಪಕ್ಕೆ ಈ ದೋಷವಿಲ್ಲ. ಅದರ ಬಿಳಿಯ ಬೆಳಕಿಗೆ ದಾರಿಮಾಡಿದ ನೀಲಿ ಎಲ್‌ಇಡಿಯ ನಿರ್ಮಾತೃಗಳಾದ ಅಕಾಸಾಕಿ, ಅಮಾನೊ, ನಕಾಮುರ ಇವರಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಮುಂದಿನ ದೀಪವು ಮತ್ತೊಂದು ಕಾರಣಕ್ಕೂ ಅಗತ್ಯ. ಸುಗ್ಗಿಯಲ್ಲಿ ಗೋವಿನಜೋಳವನ್ನು ಡಾಂಬರು ರಸ್ತೆಯ ಮೇಲೆಯೇ ಒಣಹಾಕಿ, ಅಂಚಿಗೆ ಕಲ್ಲುಗಳನ್ನು ಇಡುವುದುಂಟು. ಹಗಲಿನಲ್ಲಿ ತಪ್ಪಿಸಬಹುದಾದ ಆ ಕಲ್ಲು ಇರುಳಿನಲ್ಲಿ ಚಕ್ರಕ್ಕೆ ಬಂದೇ ತಿಳಿಯುತ್ತದೆ. ಉರುಳುವ ಕಾಳುಗಳ ಮೇಲೆ ಗಾಲಿಗೆ ಹಿಡಿತವೂ ಸಿಕ್ಕದು. ರೈತ ಬಾಂಧವರು ಸಂಜೆಗೆ ರಾಶಿಯನ್ನು ಎತ್ತಿದಾಗ ಕಲ್ಲುಗಳನ್ನೂ ಎತ್ತಿಡುವುದು ದೊಡ್ಡ ಉಪಕಾರ.

ಚಳಿಗೆ ಮಫ್ಲರನ್ನು ಬಿಗಿಯಾಗಿ ಸುತ್ತಿದರೆ ಕಿವಿ ಮಂದವಾಗುತ್ತದೆ. ಹಿಂದಿನ ವಾಹನದ ಸದ್ದು ಕೇಳುವಷ್ಟು ಸಡಿಲವಿರಲಿ. ಧೂಳು ಮೆತ್ತಿದ ಬಿಲ್ಲೆಯು ಹೊಳೆಯದಾದ್ದರಿಂದ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಬೇಕು. ವಿದ್ಯಾರ್ಥಿ ಮಿತ್ರರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು: ಕತ್ತಲೆಯಾದ ಮೇಲೆ ಅಂಗಳದಲ್ಲಿ ಸೈಕಲ್ಲನ್ನು ನಿಲ್ಲಿಸಿ, ಐವತ್ತು ಹೆಜ್ಜೆ ಹಿಂದೆ ಸರಿದು, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಬೆಳಕು ಬಿಡಿರಿ. ಬಿಲ್ಲೆಯು ಕೆಂಡದಂತೆ ಹೊಳೆಯದಿದ್ದರೆ ನಾಳೆಯ ಸಂಜೆಗೆ ಮುಂಚೆಯೇ ಅದನ್ನು ಬದಲಿಸಿರಿ.