ದೂರಗುರಿಯ ರೈಫಲ್ ಸ್ಪರ್ಧೆ: ಸಲಕರಣೆಗಳ ಬದಲಾವಣೆಯಲ್ಲಿ ಸಣ್ಣ ಉದ್ದಿಮೆಗೊಂದು ಪಾಠ

ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ದಿನವೂ ಕಾಣುವ ಚಿತ್ರದುರ್ಗದ ಜನರಿಗೆ ಗಾಳಿಯ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ. ನಮಗೆ ವಿದ್ಯುತ್ತನ್ನು ನೀಡುವ ಗಾಳಿಯೇ, ಸಾವಿರ ಗಜ (914 ಮೀಟರ್) ದೂರದ ಗುರಿಗೆ ರೈಫಲ್ ಹಿಡಿದ ಸ್ಪರ್ಧಿಗೆ ಮೊದಲ ಎದುರಾಳಿ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿಯು .308 ಅಳತೆಯ ಗುಂಡನ್ನು ಅಷ್ಟು ದೂರದಲ್ಲಿ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸುತ್ತದೆ. ಅಮೆರಿಕದ 'ಎಫ್-ಕ್ಲಾಸ್' ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವಾದರೋ ಸುಮಾರು 25 ಸೆಂ.ಮೀ. ಮಾತ್ರ. ಈ ಕಷ್ಟವನ್ನು ಗೆಲ್ಲುವ ಪ್ರಯತ್ನದಲ್ಲಿ ಸಲಕರಣೆಗಳು ಬದಲಾದವು. ಅವುಗಳೊಂದಿಗೆ ತಯಾರಕರೂ ಬದಲಾದರು. ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದುದು ಈ ಎರಡನೆಯ ಸಂಗತಿಯನ್ನು.

ಮರದಿಂದ ಲೋಹಕ್ಕೆ

ದೂರಗುರಿಯ ಪ್ರಸಿದ್ಧ ಪಂದ್ಯವಾದ 'ಪಾಮಾ' 1876ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಇಂದಿಗೂ ಅದು 800, 900 ಮತ್ತು 1000 ಗಜಗಳಲ್ಲಿ, ದುರ್ಬೀನಿನ ನೆರವಿಲ್ಲದೆ ನಡೆಯುತ್ತದೆ. 1990ರ ದಶಕದಲ್ಲಿ ಕೆನಡಾದ ಜಾರ್ಜ್ ಫರ್ಕ್ವಾರ್ಸನ್ ಅವರ ಹೆಸರಿನ ಮೊದಲಕ್ಷರದಿಂದ ಹುಟ್ಟಿದ ಎಫ್-ಕ್ಲಾಸ್ ವಿಭಾಗವು ದುರ್ಬೀನಿಗೂ ಆಧಾರಪೀಠಕ್ಕೂ ಅವಕಾಶ ನೀಡಿತು. ಇದರಲ್ಲಿ 'ಓಪನ್' ವರ್ಗದ ರೈಫಲ್‌ನ ತೂಕ 10 ಕಿ.ಗ್ರಾಂ., 'ಟಿಆರ್' ವರ್ಗದ್ದು 8.25 ಕಿ.ಗ್ರಾಂ. ಮೀರುವಂತಿಲ್ಲ.

ಆ ನಂತರದ ಬದಲಾವಣೆಗಳು ಸ್ಪಷ್ಟ. ತೇವ ಹೀರಿ ಉಬ್ಬುವ, ಬಾಗುವ ಮರದ ಹಿಡಿಯ ಜಾಗಕ್ಕೆ ಪದರಗೂಡಿಸಿದ ಮರ, ನಾರುಬಲಿತ ಪ್ಲಾಸ್ಟಿಕ್ ಹಾಗೂ ಅಲ್ಯೂಮಿನಿಯಂ ಚೌಕಟ್ಟುಗಳು ಬಂದವು. ಗಾಳಿಯನ್ನು ಸುಲಭವಾಗಿ ಸೀಳುವ ಉದ್ದನೆಯ, ನೀಳಮೂತಿಯ 6.5 ಮತ್ತು 7 ಮಿ.ಮೀ. ಗುಂಡುಗಳು ಜನಪ್ರಿಯವಾದವು, ಉತ್ತಮವಾದ 7 ಮಿ.ಮೀ. ಗುಂಡು ಮೇಲೆ ಹೇಳಿದ ಗಾಳಿಯಲ್ಲಿ ಸರಿಯುವುದು ಸುಮಾರು ಒಂದೂವರೆ ಮೀಟರ್ ಮಾತ್ರ. ಗುರಿಹಲಗೆಯ ಕೆಳಗೆ ಹಳ್ಳದಲ್ಲಿ ಕುಳಿತು ಅಂಕ ಗುರುತಿಸುವವರ ಕೆಲಸವನ್ನು ಅನೇಕ ಕಡೆ ಇಲೆಕ್ಟ್ರಾನಿಕ್ ಗುರಿಹಲಗೆಗಳು ವಹಿಸಿಕೊಂಡಿವೆ.

ಬಿಡಿಭಾಗಗಳ ಮಾರುಕಟ್ಟೆ

ಇದರ ವಾಣಿಜ್ಯ ಪರಿಣಾಮ ಮಹತ್ವದ್ದು. ಹಿಂದೆ ಒಂದೇ ಕಾರ್ಖಾನೆಯಿಂದ ಇಡಿಯಾಗಿ ಬರುತ್ತಿದ್ದ ರೈಫಲ್ ಇಂದು ಬಿಡಿಭಾಗಗಳ ಜೋಡಣೆ. ನಳಿಗೆ ಒಬ್ಬರದು, ಕುದುರೆ ಇನ್ನೊಬ್ಬರದು, ಚೌಕಟ್ಟು ಮತ್ತೊಬ್ಬರದು. ವೇಗದ ತೋಟಾಗಳಿಗೆ ಬಳಸುವ ನಳಿಗೆ ಎರಡು ಸಾವಿರ ಸುತ್ತಿನೊಳಗೇ ಸವೆದು ಬದಲಾಗಬೇಕಾಗಬಹುದು. ಆದ್ದರಿಂದ ನಳಿಗೆಯು ಒಮ್ಮೆ ಕೊಂಡು ಮುಗಿಯುವ ಸರಕಲ್ಲ. ಇಂಡೋನೇಷ್ಯಾದ 'ಸೆಬ್' ಎಂಬ ಉದ್ದಿಮೆ ತಯಾರಿಸುವ ರೈಫಲ್ ಆಧಾರಪೀಠ ಎಫ್-ಕ್ಲಾಸ್ ಸ್ಪರ್ಧಿಗಳಲ್ಲಿ ವಿಶ್ವದಾದ್ಯಂತ ಹೆಸರು ಪಡೆದಿದೆ. ರೈಫಲ್ ತಯಾರಿಸದೆಯೇ, ಅದನ್ನು ಅಲುಗದಂತೆ ಹೊರುವ ಒಂದು ವಸ್ತುವನ್ನು ನಿಖರವಾಗಿ ಮಾಡಿದ್ದೇ ಅದರ ಬಂಡವಾಳ.

ನಮ್ಮ ರಾಜ್ಯದಲ್ಲೂ ಉದಾಹರಣೆಯಿದೆ. ಸ್ಪ್ರಿಂಗ್ ತಯಾರಿಕೆಯಲ್ಲಿ ಹೆಸರಾದ ಬೆಂಗಳೂರಿನ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಸಮೂಹದಿಂದ ಬಂದ ಎಸ್.ಎಸ್.ಎಸ್. ಡಿಫೆನ್ಸ್ ಸಂಸ್ಥೆಯು .338 ಲಪುವಾ ಮ್ಯಾಗ್ನಮ್ ಅಳತೆಯ 'ಸೇಬರ್' ಎಂಬ ದೂರಗುರಿಯ ರೈಫಲ್ ರೂಪಿಸಿದೆ. ಇದು ಸ್ಪರ್ಧೆಗಲ್ಲ, ಭದ್ರತಾ ಪಡೆಗಳಿಗೆ. ಆದರೂ 2001ರಲ್ಲಿ ರಕ್ಷಣಾ ಉತ್ಪಾದನೆ ಖಾಸಗಿ ವಲಯಕ್ಕೆ ತೆರೆದ ಬಳಿಕ, ಸ್ಪ್ರಿಂಗಿನಲ್ಲಿ ಕಲಿತ ನಿಖರತೆ ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಕಾನೂನಿನ ಗೆರೆ

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಶಸ್ತ್ರಾಸ್ತ್ರ ಅಧಿನಿಯಮ, 1959ರ ವ್ಯಾಖ್ಯೆಯಲ್ಲಿ ಬಂದೂಕು ಮಾತ್ರವಲ್ಲ, ಅದರ ಬಿಡಿಭಾಗಗಳೂ ಅವನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ತಯಾರಿಕೆಗೆ, ಮಾರಾಟಕ್ಕೆ, ದುರಸ್ತಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಸೆರೆವಾಸವಿದೆ. ಪರಿಚಿತರೊಬ್ಬರು ಮಾದರಿ ತಂದು "ಇದರಂತೆಯೇ ಒಂದು ತಿರುವಿಕೊಡಿ" ಎಂದರೆ ಲೇಥ್ ಹೂಡುವ ಮುನ್ನ ಅದು ಯಾವುದರ ಭಾಗವೆಂದು ಕೇಳಲೇಬೇಕು. ಒಂದು ಸಂಜೆಯ ಕೂಲಿಗಾಗಿ ಕಾರ್ಖಾನೆಯನ್ನೂ ಸಂಸಾರವನ್ನೂ ಪಣಕ್ಕಿಡುವುದು ವ್ಯಾಪಾರವಲ್ಲ.

ನಮ್ಮ ಕೈಗೆಟಕುವುದೇನು?

ಭಾರತದಲ್ಲಿ ಸಾವಿರ ಗಜದ ಸ್ಪರ್ಧೆ ವಿರಳ. ನಮ್ಮ ಗುರಿಕಾರರ ಕೀರ್ತಿ ಬಂದುದು ಕಡಿಮೆ ದೂರದಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದುದು 50 ಮೀಟರ್ ವಿಭಾಗದಲ್ಲಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಜನಪ್ರಿಯ. ಆದ್ದರಿಂದ ಬೇಡಿಕೆ ಬರುವುದು ಮುಖ್ಯವಾಗಿ ರೈಫಲ್ ಕ್ಲಬ್ಬುಗಳಿಂದ, ತರಬೇತಿ ಕೇಂದ್ರಗಳಿಂದ.

ಅವರಿಗೆ ಬೇಕಾದವುಗಳಲ್ಲಿ ರೈಫಲ್‌ನ ಭಾಗವಲ್ಲದ ವಸ್ತುಗಳು ಹಲವು: ಮಲಗಿ ಗುರಿಯಿಡಲು ಜಾರದ ನೆಲಹಾಸು, ಚರ್ಮದ ಅಥವಾ ಕ್ಯಾನ್ವಾಸಿನ ಮರಳುಚೀಲ, ಗುರಿಹಲಗೆಯ ಕಬ್ಬಿಣದ ಚೌಕಟ್ಟು, ಗಾಳಿಯ ದಿಕ್ಕು ತೋರುವ ಬಾವುಟ, ಸಾಗಣೆಯ ಪೆಟ್ಟಿಗೆ. ಹೊಲಿಗೆ, ಬೆಸುಗೆ ಬಲ್ಲ ಹೊಳಲ್ಕೆರೆ, ಹೊಸದುರ್ಗದ ಕಸುಬುದಾರರಿಗೆ ಇವು ಹೊಸ ವಿದ್ಯೆಯಲ್ಲ. ಹಿರಿಯೂರು, ಚಿತ್ರದುರ್ಗಗಳು ಬೆಂಗಳೂರಿನ ಹೆದ್ದಾರಿಯ ಮೇಲೆಯೇ ಇರುವುದರಿಂದ ಸಾಗಣೆಯೂ ಕಷ್ಟವಲ್ಲ. ರೈಫಲ್‌ಗೆ ಜೋಡಣೆಯಾಗುವ ಯಾವುದೇ ವಸ್ತುವಿಗೆ ಮಾತ್ರ ಮೊದಲೇ ಕಾನೂನು ಸಲಹೆ ಪಡೆಯುವುದು ಕ್ಷೇಮ.

ಈ ಮಾರುಕಟ್ಟೆ ಚಿಕ್ಕದು. ಇದನ್ನೇ ನಂಬಿ ಸಾಲ ಮಾಡಿ ಹೊಸ ಯಂತ್ರ ಕೊಳ್ಳುವುದು ವಿವೇಕವೆನಿಸದು. ಇರುವ ಯಂತ್ರದಲ್ಲಿ ಒಂದು ಮಾದರಿ ಮಾಡಿ, ಕ್ಲಬ್ಬಿನವರ ಕೈಗೆ ಕೊಟ್ಟು, ಅವರು ಹೇಳಿದ ದೋಷ ತಿದ್ದಿ, ಅನಂತರ ಹತ್ತು ಮಾಡುವುದು ಸರಿಯಾದ ಕ್ರಮ. ಮೊದಲನೆಯದಕ್ಕೂ ಹತ್ತನೆಯದಕ್ಕೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ಮಾಡಬಲ್ಲವನನ್ನು ಹುಡುಕಿಕೊಂಡು ಗಿರಾಕಿಯೇ ಬರುತ್ತಾನೆ. ಆ ಗಿರಾಕಿ ರೈಫಲ್ ಹಿಡಿದವನೇ ಆಗಬೇಕೆಂದಿಲ್ಲ.